ಸಾಕು, ಸಾಗು ಮತ್ತು ನಮ್ಮ ಅಸೆಸ್‌ಮೆಂಟ್ ಫಾರ್ಮ್

ನಾನು ಸ್ಪೀಚ್ ಥೆರಪಿಸ್ಟ್, ಕೆಲಸ ಕಾಸರಗೋಡಿನಲ್ಲಿ. ನಮ್ಮ ಅಸೆಸ್‌ಮೆಂಟ್ ಫಾರ್ಮಿನಲ್ಲಿ ಮಗುವಿನ ತೂಕ, ಹೆರಿಗೆ ನಾರ್ಮಲ್ಲಾ ಸಿಸೇರಿಯನ್ನಾ, ಎಲ್ಲದಕ್ಕೂ ಜಾಗ ಇದೆ. ಮನೆಮಾತು ಯಾವುದು ಅಂತ ಬರೆಯಲು ಮಾತ್ರ ಜಾಗ ಇಲ್ಲ. ಮಲಯಾಳ, ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕೇಳಿಸುವ ಊರು ಇದು. ಇಂಥ ಊರಿನಲ್ಲಿ ಆ ಒಂದು ಕಾಲಂ ಇಲ್ಲದಿದ್ದರೆ ಮಕ್ಕಳಿಗೆ ಅನ್ಯಾಯ ಆಗುತ್ತದೆ. ಆಗಿಯೂ ಇದೆ.

ಕುಂಬಳೆ ಕಡೆಯ ಒಂದು ಹುಡುಗಿ, ಎರಡನೇ ಕ್ಲಾಸ್, ಕನ್ನಡ ಮೀಡಿಯಂ. ಶಾಲೆಯಲ್ಲಿ ‘ಉಚ್ಚಾರ ಸರಿ ಇಲ್ಲ, ತೋರಿಸಿ’ ಅಂದಿದ್ದರು. ಇನ್ನೊಂದು ಕಡೆ ಮಾಡಿಸಿದ ರಿಪೋರ್ಟ್ ತಾಯಿಯ ಕೈಯಲ್ಲಿತ್ತು: ಕ, ಟ, ತ ಮೂರರಲ್ಲೂ ಇನ್‌ಕನ್ಸಿಸ್ಟೆಂಟ್ ವಾಯ್ಸಿಂಗ್ ಎರರ್ (ಕ-ಗ, ಟ-ಡ, ತ-ದ ಗೊತ್ತುಗುರಿ ಇಲ್ಲದೆ ಅದಲುಬದಲು), ವಾರಕ್ಕೆ ಮೂರು ಸೆಷನ್. ಮಗು ಕ್ಲಾಸಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿತ್ತು. ‘ಸಾಕು’ ಅನ್ನಲು ಹೋಗಿ ‘ಸಾಗು’ ಅಂದರೆ ಪಕ್ಕದವರು ನಗುತ್ತಿದ್ದರಂತೆ.

ನನ್ನ ಮೊದಲ ಸಂಶಯ ಕಿವಿಯ ಮೇಲೆ. ಕ ಮತ್ತು ಗ ಅದಲುಬದಲಾದರೆ ಶ್ರವಣ ನೋಡುವುದು ವಾಡಿಕೆ. ಆಡಿಯೋಗ್ರಾಮ್ ನಾರ್ಮಲ್ ಬಂತು. ಅಷ್ಟರಲ್ಲಿ ಸ್ಲಾಟಿನ ಅರ್ಧ ಹೊತ್ತು ಮುಗಿದಿತ್ತು. ಸೀನಿಯರ್ ಬಾಗಿಲಲ್ಲಿ ಇಣುಕಿ, “ಹಳೇ ರಿಪೋರ್ಟ್ ಇದೆಯಲ್ಲಮ್ಮಾ, ಅದನ್ನೇ ಕಂಟಿನ್ಯೂ ಮಾಡು. ಹೊರಗೆ ಇನ್ನೂ ನಾಲ್ಕು ಜನ ಕೂತಿದ್ದಾರೆ” ಅಂದರು. ತಾಯಿ ನನ್ನ ಮುಖ ನೋಡುತ್ತಿದ್ದರು. “ಇವಳಿಗೆ ಏನಾಗಿದೆ ಮೇಡಂ?” ಅಂತ ಮಲಯಾಳದಲ್ಲಿ ಕೇಳಿದರು. ಮಗು ಅದೇ ಭಾಷೆಯಲ್ಲಿ ಅವರ ಕಿವಿಯಲ್ಲಿ ಏನೋ ಹೇಳಿತು. ಆಗಲೇ ನನಗೆ ಹೊಳೆದದ್ದು.

ಟೆಸ್ಟ್ ಶೀಟ್ ತಿರುಗಿಸಿ, ಹಿಂದಿನ ಖಾಲಿ ಬದಿಯಲ್ಲಿ ಅವಳ ಪದಗಳನ್ನು ಬೇರೆ ಥರ ಬರೆಯುತ್ತಾ ಹೋದೆ. ಎಷ್ಟು ಸಲ ತಪ್ಪಿತು ಅನ್ನುವುದನ್ನು ಬಿಟ್ಟೆ, ಪದದ ಯಾವ ಜಾಗದಲ್ಲಿ ತಪ್ಪಿತು ಅಂತ ನೋಡಿದೆ. ಕಿವಿ, ಕಾಗೆ, ತಲೆ: ಮೊದಲಲ್ಲಿ ಬಂದಾಗ ಎಲ್ಲ ಸ್ಪಷ್ಟ. ಅಕ್ಕಿ, ಬಟ್ಟೆ, ಹತ್ತು: ಒತ್ತು ಇದ್ದಾಗಲೂ ಸ್ಪಷ್ಟ. ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದರೆ ಮಾತ್ರ ಊಟ ‘ಊಡ’, ಮಾತು ‘ಮಾದು’. ಸೊನ್ನೆಯ ನಂತರ ಬಂದರೆ ಗಂಟು ‘ಗಂಡು’. ಒಂದು ಪದವೂ ಈ ಸಾಲು ದಾಟಲಿಲ್ಲ. ಇದಕ್ಕೆ ಇನ್‌ಕನ್ಸಿಸ್ಟೆಂಟ್ ಅನ್ನುವುದು ಹೇಗೆ? ಇಷ್ಟು ಶಿಸ್ತು ಇರುವ ‘ತಪ್ಪಿನ’ ಹಿಂದೆ ಒಂದು ನಿಯಮ ಇರಲೇಬೇಕು.

ಅದು ಮಲಯಾಳದ ನಿಯಮ. ಅಲ್ಲಿನ ನಾಟು ಪದಗಳಲ್ಲಿ ಕ ಮತ್ತು ಗ ಒಂದೇ ಫೋನೀಮಿನ (ಅರ್ಥವನ್ನು ಬೇರ್ಪಡಿಸುವ ಧ್ವನಿಯ) ಎರಡು ಅಲೋಫೋನ್, ಅಂದರೆ ಪದದಲ್ಲಿನ ಜಾಗಕ್ಕೆ ತಕ್ಕಂತೆ ಬರುವ ಎರಡು ರೂಪ. ಮಗ ಅನ್ನುವುದಕ್ಕೆ ‘ಮಕನ್’ ಅಂತ ಬರೆಯುತ್ತಾರೆ, ಬಾಯಲ್ಲಿ ಬರುವುದು ‘ಮಗನ್’ ಹತ್ತಿರದ್ದು. ಅಂಗಡಿಗೆ ಬರೆಯುವುದು ‘ಕಟ’, ಹೇಳುವುದು ‘ಕಡ’. ತಮಿಳಿನಲ್ಲೂ ಹೆಚ್ಚುಕಡಿಮೆ ಹೀಗೇ. ಸಂಸ್ಕೃತದಿಂದ ಬಂದ ಪದಗಳಿಗೆ ಮಲಯಾಳದಲ್ಲಿ ಗ, ಡ, ದ ಬೇರೆ ಅಕ್ಷರಗಳೇ ಇವೆ, ಆ ಮಾತು ಬೇರೆ. ಕನ್ನಡದಲ್ಲಿ ಹಾಗಲ್ಲ. ಸಾಕು-ಸಾಗು, ಗಂಟು-ಗಂಡು, ಕಾಳಿ-ಗಾಳಿ: ಒಂದು ಧ್ವನಿ ಬದಲಾದರೆ ಅರ್ಥವೇ ಬದಲು. ಇಲ್ಲಿ ಅವು ಎರಡು ಫೋನೀಮ್. ಹುಡುಗಿ ಮನೆಯ ನಿಯಮವನ್ನು ಕನ್ನಡಕ್ಕೂ ಹಾಕುತ್ತಿದ್ದಳು, ಅಷ್ಟೇ.

ರಿಪೋರ್ಟಿನಲ್ಲಿ ‘ನೋ ಡಿಸಾರ್ಡರ್’ ಅಂತ ಬರೆದೆ. ಸೀನಿಯರ್‌ಗೆ ಇಷ್ಟ ಆಗಲಿಲ್ಲ, ಸೆಷನ್ ಬರೆಯದ ರಿಪೋರ್ಟ್ ಅವರಿಗೆ ಅರ್ಧ ಕೆಲಸದಂತೆ ಕಾಣುತ್ತದೆ. ಶಾಲೆಯ ಟೀಚರಿಗೆ ಸಾಕು-ಸಾಗು ಥರದ ಜೋಡಿಗಳ ಪಟ್ಟಿ ಕೊಟ್ಟೆ. ಹೊಸ ಭಾಷೆ ಕಲಿಸುವ ಹಾಗೆ ಕಲಿಸಿ, ಚಿಕಿತ್ಸೆ ಥರ ಬೇಡ ಅಂದೆ. ಅವರು ಖುಷಿಯಿಂದಲೇ ಒಪ್ಪಿಕೊಂಡರು.

ಇದರ ಉಲ್ಟಾ, ಅಂದರೆ ನಿಜವಾದ ತಪ್ಪು ನಮ್ಮ ಕಿವಿಗೆ ಬೀಳದೇ ಹೋಗುವ ಅಪಾಯ ಇನ್ನೂ ಜಾಸ್ತಿ. ಮಲಯಾಳದಲ್ಲಿ ‘ಕರ’ ಅಂದರೆ ದಡ, ‘ಕಱ’ (ಗಡುಸಾದ ರ) ಅಂದರೆ ಬಟ್ಟೆಗೆ ಅಂಟುವ ಕಲೆ. ಎರಡು ರಕಾರ, ಎರಡು ಅರ್ಥ. ಹಳಗನ್ನಡದಲ್ಲೂ ಱ ಇತ್ತು, ಆಮೇಲೆ ರ ಜೊತೆ ಸೇರಿಹೋಯಿತು. ಹಾಗಾಗಿ ನನ್ನಂಥ ಕನ್ನಡದ ಕಿವಿಗೆ ಎರಡೂ ರ. ಮಲಯಾಳಿ ಮಗು ನಿಜವಾಗಿಯೂ ಇವೆರಡನ್ನು ಬೆರೆಸುತ್ತಿದ್ದರೆ ನಾನು ಸುಮ್ನೆ ಟಿಕ್ ಹಾಕಿ ಮುಂದೆ ಹೋಗುತ್ತೇನೆ. ತುಳುವಿನಲ್ಲಿ ‘ಪೋಪೆ’ ಅಂತ ಬರೆದರೆ ‘ನಾನು ಹೋಗುತ್ತೇನೆ’ಯೋ ‘ಅವನು ಹೋಗುತ್ತಾನೆ’ಯೋ ತಿಳಿಯದು. ಹೇಳುವಾಗ ಕೊನೆಯ ಸ್ವರ ಬೇರೆ, ‘ನಾನು’ ಅನ್ನುವಾಗ ಬಾಯಿ ಇನ್ನೂ ಅಗಲ. ನಾವು ಕನ್ನಡದಲ್ಲಿ ‘ಬೇಡ’ ಅನ್ನುವಾಗ ಬಾಯಿ ಎಷ್ಟು ಅಗಲ ಮಾಡಿದರೂ ಅರ್ಥ ಅದೇ, ಅಲ್ವಾ? ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಶೀಟಿನಲ್ಲಿ ತುಳುವಿನ ಈ ವ್ಯತ್ಯಾಸ ಮಾಯ.

ಪುಸ್ತಕದ ಭಾಷೆಯನ್ನೂ ಪೂರ್ತಿ ನಂಬಬಾರದು. ಮಳೆಗೆ ಮಲಯಾಳ ಪಾಠದಲ್ಲಿ ‘ಮೞ’ ಇರುತ್ತದೆ, ಇಲ್ಲಿನ ಎಷ್ಟೋ ಮನೆಗಳಲ್ಲಿ ಅಜ್ಜಿಯೂ ‘ಮಯ’ ಅನ್ನುತ್ತಾರೆ. ಮಗು ಹಾಗಂದರೆ ಅದು ಮನೆಯ ಮಾತು.

ಈಗ ನಾನು ಹೆಸರು ಬರೆದ ಕೂಡಲೇ ಮನೆಮಾತು ಕೇಳುತ್ತೇನೆ, ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತೇನೆ. ತಾಯಿಯಿಂದಲೂ ಅವೇ ಪದಗಳನ್ನು ಹೇಳಿಸಿ ರೆಕಾರ್ಡ್ ಮಾಡುತ್ತೇನೆ. ಮಲಯಾಳದ ರಕಾರಗಳನ್ನು ಕೇಳಿಸಿಕೊಳ್ಳಲು ಪಕ್ಕದ ರೂಮಿನ ಮಲಯಾಳಿ ಸಹೋದ್ಯೋಗಿಯನ್ನು ಕರೆಯುತ್ತೇನೆ. ಇಷ್ಟೆಲ್ಲ ಅರ್ಧ ಗಂಟೆಯಲ್ಲಿ ಮುಗಿಯುವುದಿಲ್ಲ. ಮೊದಲ ಭೇಟಿಗೆ ಒಂದು ಗಂಟೆ ಕೊಡಿ ಅಂತ ಮ್ಯಾನೇಜ್‌ಮೆಂಟಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಬರುವವರೆಗೆ ಕೇಳುತ್ತಲೇ ಇರುತ್ತೇನೆ.