ಇವಳು ಇನ್ನು ಯಾರಿಗೆ ಕಲಿಸುತ್ತಾಳೆ?

ಹೋದ ತಿಂಗಳು ನಮ್ಮ ಪರಿಚಯದವರ ಮಗಳ ಭರತನಾಟ್ಯ ರಂಗಪ್ರವೇಶವಿತ್ತು. ಅಮೆರಿಕದ ಮೇರಿಲ್ಯಾಂಡಿನ ನಮ್ಮ ಕಡೆ ಬೇಸಿಗೆ ಬಂತೆಂದರೆ ಶನಿವಾರಗಳೆಲ್ಲ ಇದಕ್ಕೇ ಮೀಸಲು. ಥೇಟ್ ಮದುವೆ ಮನೆಯ ಸಂಭ್ರಮ: ಬಂಗಾರದ ಅಂಚಿನ ಕಾರ್ಡು, ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ, ಊರಿಂದ ಕರೆಸಿದ ಮೃದಂಗದವರು, ಕೊನೆಗೆ ಬಿಸಿಬೇಳೆಬಾತು, ಜಾಮೂನು. ಪಕ್ಕದ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ನಡುವಿನ ದೊಡ್ಡ ನೃತ್ಯ ವರ್ಣ ಮುಗಿಯುವ ಹೊತ್ತಿಗೆ ನಮ್ಮವರೇ ಅರ್ಧ ಜನ ಫೋನು ತೆಗೆದಿದ್ದರು. ಅಜ್ಜಿ ಮಾತ್ರ ಕುರ್ಚಿಗೆ ಬೆನ್ನು ತಾಗಿಸದೆ ಕೊನೆಯ ತಿಲ್ಲಾನದವರೆಗೂ ನೋಡಿದರು.

ಕಾರು ಹತ್ತಿದ ಮೇಲೆ ಕೇಳಿದರು: "ಹುಡುಗಿ ಚೆನ್ನಾಗಿ ಮಾಡಿದಳು. ಇವಳು ಇನ್ನು ಯಾರಿಗೆ ಕಲಿಸುತ್ತಾಳೆ?"

ಕಲಿಸುವುದೇನೂ ಇಲ್ಲ, ಆಗಸ್ಟಿನಲ್ಲಿ ಕಾಲೇಜಿಗೆ ಹೋಗುತ್ತಾಳೆ, ಡಾಕ್ಟರ್ ಆಗಬೇಕಂತೆ ಎಂದೆ. ಅಜ್ಜಿ ತಲೆಯಾಡಿಸಿ ಸುಮ್ಮನಾದರು. ನನಗೆ ಯಾಕೋ ಚುಚ್ಚಿತು. ಡಾಕ್ಟರ್ ಆಗುವುದು ತಪ್ಪಾ ಎಂದು ಒಳಗೊಳಗೇ ವಾದ ಮಾಡುತ್ತ ಮನೆ ಸೇರಿದೆ. ಆದರೆ ಅವರು ಆ ಹುಡುಗಿಯನ್ನು ಕೊಂಕು ಮಾಡಿ ಕೇಳಿದ್ದಲ್ಲ. ಅವರು ಕಲಿತ ಕಡೆ ಅದೇ ಪದ್ಧತಿ: ಕಲಿತವರು ಕೆಳಗಿನ ತರಗತಿಯ ಮಕ್ಕಳ ಮುಂದೆ ನಿಲ್ಲಲೇಬೇಕು.

ಅಜ್ಜಿ ಆಫ್ರಿಕನ್ ಅಮೆರಿಕನ್. ವಾಷಿಂಗ್ಟನ್ ಊರೊಳಗೇ ಹುಟ್ಟಿ ಬೆಳೆದು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಎಂಬತ್ತರ ಹತ್ತಿರವಾದರೂ ಹಿಮ ಎತ್ತುವ ಸಲಿಕೆ ಹಿಡಿದು ನಿಂತರೆ ನನಗಿಂತ ನೆಟ್ಟಗೆ ಕಾಣುತ್ತಾರೆ. ಐವತ್ತರ ದಶಕದಲ್ಲಿ ಚಿಕ್ಕ ಹುಡುಗಿಯಾಗಿ ಬ್ಯಾಲೆ ಕಲಿತದ್ದರ ಫಲ ಅದು ಎಂದು ಅವರ ನಂಬಿಕೆ. ಅವರ ಟೀಚರ್ ಡೋರಿಸ್ ಜೋನ್ಸ್. ಅಜ್ಜಿ ಇಂದಿಗೂ "ಮಿಸ್ ಜೋನ್ಸ್" ಎಂದೇ ಹೇಳುವುದು. ಹಾಗೆ ಹೇಳುವಾಗ ಕುತ್ತಿಗೆ ಇನ್ನೂ ಒಂದಿಂಚು ಮೇಲೇಳುತ್ತದೆ.

ಡೋರಿಸ್ ಜೋನ್ಸ್ ಹುಟ್ಟಿದ್ದು 1913ರಲ್ಲಿ, ಬಾಸ್ಟನ್ ಪಕ್ಕದ ಮಾಲ್ಡೆನ್ ಎಂಬ ಊರಿನಲ್ಲಿ. ಬ್ಯಾಲೆ ಕಲಿಯುವ ಆಸೆ. ಆ ಕಾಲದ ಬ್ಯಾಲೆ ಶಾಲೆಗಳು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಈಕೆಗೆ ಶೂವಿನಿಂದ ನೆಲಕ್ಕೆ ತಾಳ ತಟ್ಟುವ ಟ್ಯಾಪ್ ಡ್ಯಾನ್ಸ್ ಚೆನ್ನಾಗಿ ಬರುತ್ತಿತ್ತು. ಬಿಳಿಯರ ಶಾಲೆಯಲ್ಲಿ ತಾನು ಟ್ಯಾಪ್ ಕಲಿಸುವುದು, ಬದಲಿಗೆ ಅವರು ತನಗೆ ಬ್ಯಾಲೆ ಕಲಿಸುವುದು ಎಂದು ಒಪ್ಪಂದ ಮಾಡಿಕೊಂಡರು. ಯೋಚಿಸಿ ನೋಡಿ: ವಿದ್ಯಾರ್ಥಿನಿಯಾಗಿ ಬೇಡದವಳು ಅದೇ ಕಟ್ಟಡಕ್ಕೆ ಟೀಚರ್ ಆಗಿ ಬೇಕಾದಳು! ಇದರಲ್ಲಿ ನಗುವುದೋ ಅಳುವುದೋ ನನಗೆ ತೋಚುವುದಿಲ್ಲ. ಅಜ್ಜಿ ಮಾತ್ರ ಈ ಕಥೆ ಹೇಳುವಾಗ ನಗುತ್ತಾರೆ.

1941ರಲ್ಲಿ ಗೆಳತಿ ಕ್ಲೇರ್ ಹೇವುಡ್ ಜೊತೆ ಸೇರಿ ವಾಷಿಂಗ್ಟನ್ನಿನಲ್ಲಿ ಜೋನ್ಸ್-ಹೇವುಡ್ ಶಾಲೆ ತೆರೆದರು. ಬ್ಯಾಲೆ ಕಲಿಯಬೇಕೆಂಬ ಕಪ್ಪು ಮಕ್ಕಳಿಗಾಗಿ. ಆಗಿನ ವಾಷಿಂಗ್ಟನ್ ಎಂಥದ್ದು? ಎರಡೇ ವರ್ಷ ಹಿಂದೆ, 1939ರಲ್ಲಿ, ದೊಡ್ಡ ಗಾಯಕಿ ಮರಿಯನ್ ಆ್ಯಂಡರ್ಸನ್‌ಗೆ ಕಪ್ಪು ಹೆಂಗಸೆಂಬ ಕಾರಣಕ್ಕೆ ಕಾನ್‌ಸ್ಟಿಟ್ಯೂಷನ್ ಹಾಲ್ ಎಂಬ ದೊಡ್ಡ ಸಭಾಂಗಣ ಸಿಗಲಿಲ್ಲ; ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು, ಕೇಳಲು ಸುಮಾರು 75,000 ಜನ ಸೇರಿದರು. ಶ್ವೇತಭವನದಿಂದ ನಡೆದು ಹೋಗುವಷ್ಟು ಹತ್ತಿರದ ನ್ಯಾಷನಲ್ ಥಿಯೇಟರಿನಲ್ಲಿ ಕಪ್ಪು ಕಲಾವಿದರು ವೇದಿಕೆ ಹತ್ತಬಹುದಿತ್ತು, ಆದರೆ ಕಪ್ಪು ಜನ ಟಿಕೆಟ್ ಕೊಂಡು ಎದುರು ಕೂರುವಂತಿರಲಿಲ್ಲ. ನಟರ ಸಂಘ ಪ್ರತಿಭಟಿಸಿದಾಗ ಮಾಲೀಕರು 1948ರಲ್ಲಿ ನಾಟಕವನ್ನೇ ನಿಲ್ಲಿಸಿ ಸಿನಿಮಾ ತೋರಿಸತೊಡಗಿದರೇ ಹೊರತು ನಿಯಮ ಬದಲಿಸಲಿಲ್ಲ. 1952ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಅಂದರೆ ಮಿಸ್ ಜೋನ್ಸ್ ಹತ್ತಾರು ಮಕ್ಕಳಿಗೆ ತುದಿಗಾಲಲ್ಲಿ ನಿಲ್ಲುವುದನ್ನು ಕಲಿಸುತ್ತಿದ್ದ ವರ್ಷಗಳಲ್ಲಿ ಆ ಮಕ್ಕಳು ತಮ್ಮ ಊರಿನ ದೊಡ್ಡ ರಂಗಮಂದಿರದ ಒಳಗೆ ಹೋಗಿ ಕೂರುವ ಹಾಗೂ ಇರಲಿಲ್ಲ. ಯಾವ ಧೈರ್ಯದ ಮೇಲೆ ಕಲಿಸಿದರು?

ಆ ಮಕ್ಕಳಲ್ಲಿ ಒಬ್ಬಳು ಮನೆಯೊಳಗೆ ಕುಣಿದಾಡಿ ಕಾಫಿ ಟೇಬಲ್ ಮುರಿದು ಹಾಕಿದ್ದಳು. ತಾಯಿಗೆ ಸಾಕಾಗಿ ತಂದು ಈ ಶಾಲೆಗೆ ಸೇರಿಸಿದಳು. ಮುಂದೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯನ್ನೇ ಆಳಿದ ಚೀಟಾ ರಿವೆರಾ ಅವಳು. ಅವಳನ್ನೂ ಲೂಯಿ ಜಾನ್ಸನ್ ಎಂಬ ಹುಡುಗನನ್ನೂ ಮಿಸ್ ಜೋನ್ಸ್ ತಾವೇ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ಬ್ಯಾಲೆಯ ದೊಡ್ಡ ಹೆಸರು ಜಾರ್ಜ್ ಬ್ಯಾಲಂಚಿನ್ ಅವರ ಶಾಲೆಯ ಆಯ್ಕೆಗೆ ನಿಲ್ಲಿಸಿದರು. ಇಬ್ಬರೂ ಆಯ್ಕೆಯಾದರು. ಲೂಯಿ 1952ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆಯ ವೇದಿಕೆಯ ಮೇಲೆ ಅತಿಥಿಯಾಗಿ ಕುಣಿದದ್ದೂ ಆಯಿತು. ಕಂಪನಿಗೆ ಮಾತ್ರ ತೆಗೆದುಕೊಳ್ಳಲಿಲ್ಲ. ಸಿಲ್ವೆಸ್ಟರ್ ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ಶಿಷ್ಯ ಯುರೋಪಿಗೇ ಹೋಗಿ ಅಲ್ಲಿ ನಾಯಕ ಪಾತ್ರಗಳನ್ನು ಮಾಡಿದ. ಆಮೇಲೆ ಬಾಲ್ಟಿಮೋರಿಗೆ ಬಂದು ಮಕ್ಕಳಿಗೆ ಕಲಿಸಿದ. ಸಾಂಡ್ರಾ ಫಾರ್ಚೂನ್ 1973ರಲ್ಲಿ ಮಾಸ್ಕೋದ ಅಂತರರಾಷ್ಟ್ರೀಯ ಬ್ಯಾಲೆ ಸ್ಪರ್ಧೆಯಲ್ಲಿ ಕುಣಿದರು, ಆಮೇಲೆ ಅದೇ ಶಾಲೆಗೆ ಮರಳಿ ಅದನ್ನು ನಡೆಸಿದರು. ನೋಡಿ, ಕಲಿಸುವುದಕ್ಕೆ ಮರಳಿದವರು ಎಷ್ಟು ಜನ!

2024ರ ಜನವರಿಯಲ್ಲಿ ಚೀಟಾ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದ ದಿನ ಅಜ್ಜಿ ನಮ್ಮ ಮನೆಯಲ್ಲೇ ಇದ್ದರು. ಅದೇ ತಿಂಗಳು ಇದೇ ಶಾಲೆಯ ಹಿಂಟನ್ ಬ್ಯಾಟಲ್ ಕೂಡ ಹೋದರು, ಬ್ರಾಡ್‌ವೇಯ ಟೋನಿ ಪ್ರಶಸ್ತಿಯನ್ನು ಮೂರು ಸಲ ಪಡೆದ ನರ್ತಕ. ಟಿವಿಯವರು ಬ್ರಾಡ್‌ವೇ ಬಗ್ಗೆಯೇ ಹೇಳುತ್ತಿದ್ದರು. ಅಜ್ಜಿ ಕಾದರು, ಕಾದರು. "ಮಿಸ್ ಜೋನ್ಸ್ ಹೆಸರು ಹೇಳಲಿಲ್ಲ," ಎಂದು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು. ನಮ್ಮ ಮನೆ ಟಿವಿ!

ಮಿಸ್ ಜೋನ್ಸ್ 2006ರಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಇಂಥವರ ಬಗ್ಗೆ ಬರೆಯುವಾಗ ಹೆಸರು ಮಾಡಿದ ಶಿಷ್ಯರ ಪಟ್ಟಿ ಕೊಡುತ್ತಾರೆ, ನಾನೂ ಈಗ ಅದನ್ನೇ ಮಾಡಿದೆ. ಆದರೆ ನನಗೆ ಹೆಚ್ಚು ಕಾಣುವುದು ಪಟ್ಟಿಯಲ್ಲಿಲ್ಲದ ಈ ಗುಮಾಸ್ತೆ. ಯಾವ ಕಂಪನಿಗೂ ಸೇರದೆ, ಮೂವತ್ತಕ್ಕೂ ಹೆಚ್ಚು ವರ್ಷ ಕಡತ ನೋಡಿ, ಭಾನುವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಪ್ಲಿಯೆ, ಅಂದರೆ ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವುದನ್ನು, ಹೇಳಿಕೊಟ್ಟವರು. ಕಾಸು ಕೇಳದೆ.

ನನ್ನ ಮಗಳು ಮನೆ ಹತ್ತಿರದ ಕ್ಲಾಸಿನಲ್ಲಿ ಬ್ಯಾಲೆ ಕಲಿಯುತ್ತಾಳೆ. (ಊರಲ್ಲಿ ಅತ್ತೆ ಕೇಳಿದರು, ನಮ್ಮದು ಬಿಟ್ಟು ಅದ್ಯಾಕೆ ಎಂದು. ಹತ್ತಿರ ಇದೆ ಅತ್ತೆ, ಅಷ್ಟೇ.) ಅವಳ ಕ್ಲಾಸಿನವರು ಕಳಿಸಿದ ಪಟ್ಟಿಯಲ್ಲಿ ಗುಲಾಬಿ ಟೈಟ್ಸ್, ಗುಲಾಬಿ ಶೂ ಎಂದಿತ್ತು. ಅಜ್ಜಿ ಅದನ್ನು ನೋಡಿ ಅವಳ ಕೈ ಪಕ್ಕ ಟೈಟ್ಸ್ ಇಟ್ಟರು. ಗುಲಾಬಿ ಎನ್ನುವುದು ಬಿಳಿಯರ ಚರ್ಮದ ಬಣ್ಣಕ್ಕೆ ಹತ್ತಿರವಂತೆ. ಸೊಂಟದಿಂದ ಕಾಲ್ಬೆರಳಿನ ತುದಿವರೆಗೆ ಒಂದೇ ಗೆರೆ ಎಳೆದ ಹಾಗೆ ಕಾಣಲಿ ಎಂಬ ಲೆಕ್ಕ. ಕಂದು ಮೈಯವರಿಗೆ ಅದೇ ಬಣ್ಣ ಹಾಕಿದರೆ ಗೆರೆ ಅಲ್ಲೇ ತುಂಡಾಗುತ್ತದೆ. ಆರ್ಥರ್ ಮಿಚೆಲ್ ಎಂಬ ಕಪ್ಪು ನರ್ತಕ ಕಟ್ಟಿದ ಬ್ಯಾಲೆ ಕಂಪನಿ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನವರು ಎಪ್ಪತ್ತರ ದಶಕದಲ್ಲೇ ಮೈಬಣ್ಣದ ಟೈಟ್ಸ್ ಶುರು ಮಾಡಿದ್ದರು. ಮೈಬಣ್ಣದ ಶೂ ಸಿಗದೆ ಗುಲಾಬಿ ಶೂಗೇ ಮುಖದ ಫೌಂಡೇಶನ್ ಬಳಿದುಕೊಳ್ಳುವುದು ಎಷ್ಟೋ ನರ್ತಕಿಯರ ರಾತ್ರಿಯ ಕೆಲಸವಾಗಿತ್ತು. ಲಂಡನ್ನಿನ ಹೆಸರಾಂತ ಫ್ರೀಡ್ ಕಂಪನಿ ತುದಿಗಾಲಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂವನ್ನು ಕಂದು ಬಣ್ಣದಲ್ಲಿ ಮಾರುಕಟ್ಟೆಗೆ ತಂದದ್ದು 2018ರಲ್ಲಿ. ನಮ್ಮ ಕ್ಲಾಸಿನವರಿಗೆ ಒಂದು ಮೇಲ್ ಬರೆದೆ. ಧಾರಾಳವಾಗಿ ಬೇರೆ ಬಣ್ಣ ಹಾಕಿಕೊಳ್ಳಿ ಎಂದು ಅವತ್ತೇ ಉತ್ತರ ಬಂತು. ಮಗಳಿಗೆ ಮಾತ್ರ ಗುಲಾಬಿಯೇ ಬೇಕಂತೆ, ಅವಳ ಗೆಳತಿಯರದ್ದೆಲ್ಲ ಅದೇ. ಅಜ್ಜಿ ಇದಕ್ಕೂ ನಕ್ಕರು.

ಆವತ್ತೇ ಇರಬೇಕು ಅವರು ಕೇಳಿದ್ದು: "ನಿನ್ನ ಊರಿನಲ್ಲಿ ನಿಮಗೆ ಮಿಸ್ ಜೋನ್ಸ್ ಥರ ಯಾರಿದ್ದರು?"

ನನ್ನದು ಕಡೂರು ಕಡೆ. ನಮ್ಮಜ್ಜಿಯ ಪ್ರಕಾರ ಮರ್ಯಾದಸ್ತರ ಮನೆ ಹುಡುಗಿಯರು ಕುಣಿಯುವುದಿಲ್ಲ. ಅದೇ ಮನೆತನಗಳ ಮೊಮ್ಮಕ್ಕಳು ಇಲ್ಲಿ ಸಾವಿರಾರು ಡಾಲರ್ ಸುರಿದು ರಂಗಪ್ರವೇಶ ಮಾಡುತ್ತಾರೆ. ನಮ್ಮಜ್ಜಿ ಇದ್ದಿದ್ದರೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು ಬಿಡಿ. ನಡುವೆ ಏನಾಯಿತು, ಯಾರ ಕೈಯಿಂದ ಈ ವಿದ್ಯೆ ನಮ್ಮ ಕೈಗೆ ಬಂತು ಎಂದು ಕಾರ್ಡಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ.

ಕೆ. ವೆಂಕಟಲಕ್ಷಮ್ಮನವರ ಬಗ್ಗೆ ಹೇಳಿದೆ. 1906ರಲ್ಲಿ ನಮ್ಮದೇ ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ, ಲಂಬಾಣಿಗರ ಮನೆಯಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆ. ಆ ತಾಯಮ್ಮನವರೋ ಜಟ್ಟಿಯ, ಅಂದರೆ ಅರಮನೆಯ ಪೈಲ್ವಾನರ ಮಗಳು. ನಾಲ್ವಡಿಯವರ ಆಸ್ಥಾನದಲ್ಲಿ ವಿದುಷಿಯಾದ ವೆಂಕಟಲಕ್ಷಮ್ಮ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಮೊದಲ ರೀಡರ್ ಆಗಿ ಕಲಿಸಲು ಕೂತರು. 1992ರಲ್ಲಿ ಪದ್ಮಭೂಷಣ. 2002ರಲ್ಲಿ ತೀರಿಕೊಂಡರು. ಅಭಿನಯದಲ್ಲಿ ಅವರಿಗೆ ಎದುರಿಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಒಂದೇ ಸಾಲಿಗೆ ಕೂತಲ್ಲೇ ಬಗೆಬಗೆಯ ಭಾವ ತೋರಿಸುವುದು ಮೈಸೂರು ಶೈಲಿಯ ಹೆಚ್ಚುಗಾರಿಕೆ.

"ಶಾಲೆಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದರಾ?" ಎಂದರು ಅಜ್ಜಿ. ಇಲ್ಲ. ನಮ್ಮ ಶಾಲೆಯಲ್ಲಿ ಇದ್ದದ್ದು ವಾರ್ಷಿಕೋತ್ಸವ. ಪ್ರತಿ ಸಲವೂ ಒಂದು ಲಂಬಾಣಿ ನೃತ್ಯ ಇರಲೇಬೇಕು, ಕನ್ನಡಿ ಹೊಲಿದ ಲಂಗ ದೀಪಕ್ಕೆ ಫಳಫಳ ಅನ್ನುತ್ತದಲ್ಲ, ಅದಕ್ಕೆ. ಬಟ್ಟೆಯನ್ನೆಲ್ಲ ನನ್ನ ಕ್ಲಾಸಿನ ಒಬ್ಬಳು ತಾಂಡಾದ ಮನೆಮನೆಗೆ ಹೋಗಿ ಕೇಳಿ ತರುತ್ತಿದ್ದಳು. ಹೆಜ್ಜೆ ಹೇಳಿಕೊಡುತ್ತಿದ್ದುದೂ ಅವಳೇ. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ನಾವು ನಿಲ್ಲುತ್ತಿದ್ದೆವು, ಅಂದರೆ ಬೆಳ್ಳಗಿದ್ದವರು, ಮೇಷ್ಟ್ರ ಮಕ್ಕಳು, ಅಂಗಡಿಯವರ ಮಕ್ಕಳು. ಅವಳು ಹಿಂದಿನ ಸಾಲು. ಎಣ್ಣೆಗಪ್ಪು, ಫೋಟೋಗೆ ಚೆನ್ನಾಗಿ ಬರಲ್ಲ ಎಂದು ನಮ್ಮೆದುರೇ ಹೇಳಿದ್ದರು. ಮರುದಿನ ಬಟ್ಟೆ ಗಂಟು ಕಟ್ಟಿಕೊಂಡು ವಾಪಸ್ ಕೊಡಲು ಹೋಗುವವಳೂ ಅವಳೇ.

ವಾಷಿಂಗ್ಟನ್ನಿನವರು ಕಪ್ಪು ಮಕ್ಕಳನ್ನು ಬಾಗಿಲಲ್ಲೇ ತಡೆದರು. ನಾವು ಹಾಗೆ ಮಾಡಲಿಲ್ಲವಲ್ಲ, ಒಳಗೆ ಕರೆದೆವಲ್ಲ ಎಂದು ಯಾರಾದರೂ ಹೇಳಬಹುದು. ಹೌದು, ಕರೆದೆವು, ಬಟ್ಟೆ ತರುವುದಕ್ಕೆ.

ಅವಳೀಗ ಬೀರೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ನಮ್ಮ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದ್ದಾಳೆ, ಶುಭೋದಯದ ಹೂವು ಬಿಟ್ಟರೆ ಹೆಚ್ಚು ಮಾತಿಲ್ಲ. ಕಳೆದ ವಾರ ಫೋನ್ ಮಾಡಿದೆ. ಪದ್ಮಭೂಷಣ ಬಂದ ವೆಂಕಟಲಕ್ಷಮ್ಮನವರು ನಿಮ್ಮ ಕಡೆಯ ತಾಂಡಾದವರು, ಗೊತ್ತೇನೇ ಎಂದು ಉತ್ಸಾಹದಿಂದ ಶುರು ಮಾಡಿದೆ.

"ಗೊತ್ತು ಕಣೇ. ನಮ್ಮಜ್ಜಿ ಹೇಳೋರು. ಆಗ ನೀವ್ಯಾರು ಕೇಳಿದ್ರಿ?"

ಹೊಲಿಗೆ ಮಿಷನ್ ಸದ್ದು ನಿಲ್ಲಲಿಲ್ಲ. ಮಾತು ಬದಲಿಸಲೆಂದು ಅಜ್ಜಿಯ ಕಥೆ, ಮಿಸ್ ಜೋನ್ಸ್ ಕಥೆ ಎಲ್ಲ ಹೇಳಿದೆ. ಕಾಫಿ ಟೇಬಲ್ ಮುರಿದದ್ದಕ್ಕೆ ನಕ್ಕಳು. ಆಮೇಲೆ ಅವಳು ಕೇಳಿದ್ದು ಒಂದೇ: "ಆ ಯಮ್ಮ ಕಲಿಯೋಕೆ ಹೋದಾಗ ಫೀಸಿಗೆ ಏನ್ ಮಾಡಿದ್ಳು?"

ಕಾಸು ಕೊಡಲಿಲ್ಲ, ತನಗೆ ಬರುವ ಟ್ಯಾಪ್ ಅವರಿಗೆ ಕಲಿಸಿ, ಅವರ ಹತ್ತಿರ ಬ್ಯಾಲೆ ಕಲಿತಳು ಎಂದೆ.

"ಹಂಗಾದ್ರೆ ಘಾಟಿ ಹೆಂಗ್ಸು ಬಿಡು," ಎಂದಳು. "ನಾನು ಬಿಟ್ಟಿ ಹೇಳ್ಕೊಟ್ಟೆ ನೋಡು."