ಪಾಸ್‌ವರ್ಡ್ ಸರಿಯಿದ್ದರೂ ಡೇಟಾಬೇಸ್ ಏಕೆ ಒಳಗೆ ಬಿಡುವುದಿಲ್ಲ?

ಮನೆಯ ಕಂಪ್ಯೂಟರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಂಡು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಅಂಗಡಿಯ ಲೆಕ್ಕಕ್ಕೆ ತಾವೇ ಪ್ರೋಗ್ರಾಂ ಬರೆದುಕೊಳ್ಳುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಸರ್, ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿದ್ದೇನೆ, ಆದರೂ ಕನೆಕ್ಟ್ ಆಗುತ್ತಿಲ್ಲ. ಎಲ್ಲವನ್ನೂ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಲೇ?” ಖಂಡಿತ ಬೇಡ ಎಂಬುದೇ ನನ್ನ ಉತ್ತರ. ಪರದೆಯ ಮೇಲೆ ಬಂದಿರುವ ಎರರ್ ಸಂದೇಶವನ್ನು ಮೊದಲ ಅಕ್ಷರದಿಂದ ಕೊನೆಯ ಆವರಣ ಚಿಹ್ನೆಯವರೆಗೆ ಓದಿ. ಎಲ್ಲಿ ತಡೆಯಾಗಿದೆ ಎಂಬುದು ಬಹುತೇಕ ಅದರಲ್ಲೇ ಬರೆದಿರುತ್ತದೆ.

ಮರುಇನ್‌ಸ್ಟಾಲ್ ಫಲ ಕೊಡದಿರುವುದಕ್ಕೆ ಕಾರಣವಿದೆ. ಬಳಕೆದಾರರು ಯಾರು, ಅವರ ಪಾಸ್‌ವರ್ಡಿನ ಹ್ಯಾಶ್ (ಗುಟ್ಟಾಗಿ ಬದಲಿಸಿಟ್ಟ ರೂಪ) ಏನು, ಯಾರಿಗೆ ಯಾವ ಅನುಮತಿ ಎಂಬುದನ್ನೆಲ್ಲ ಮೈಎಸ್‌ಕ್ಯೂಎಲ್ ತನ್ನದೇ ಹೆಸರಿನ ಒಂದು ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಮತ್ತು ಅದು ನಿಮ್ಮ ಟೇಬಲ್‌ಗಳಿರುವ ಡೇಟಾ ಡೈರೆಕ್ಟರಿಯಲ್ಲೇ ಇರುತ್ತದೆ. ಪ್ರೋಗ್ರಾಂ ತೆಗೆದುಹಾಕಿದರೂ ಸಾಮಾನ್ಯವಾಗಿ ಆ ಫೋಲ್ಡರ್ ಉಳಿಯುವುದರಿಂದ, ಹೊಸದಾಗಿ ಹಾಕಿದ ಮೇಲೂ ಹಳೆಯ ಪಾಸ್‌ವರ್ಡುಗಳೇ ಮುಂದುವರಿಯುತ್ತವೆ. ಸಿಟ್ಟಿನಲ್ಲಿ ಆ ಫೋಲ್ಡರನ್ನೂ ಅಳಿಸಿದರೆ ಎರರ್ ಹೋಗುತ್ತದೆ, ಅದರ ಜೊತೆಗೆ ಮಾಹಿತಿಯೂ ಹೋಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬರು ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಹೀಗೆ ಮಾಡಿ ಮೂರು ತಿಂಗಳ ಕೆಲಸವನ್ನು ಕಳೆದುಕೊಂಡರು. ಅಂದಿನಿಂದ ಈ ಪ್ರಶ್ನೆಗೆ ಎಷ್ಟು ಬಾರಿಯಾದರೂ ಬೇಸರವಿಲ್ಲದೆ ಉತ್ತರಿಸುತ್ತಿದ್ದೇನೆ.

ಮೊದಲು ಎರರ್ ಸಂಖ್ಯೆ ನೋಡಿ. 2002 ಅಥವಾ 2003 ಬಂದಿದ್ದರೆ ನಿಮ್ಮ ಪ್ರೋಗ್ರಾಂ ಸರ್ವರನ್ನು, ಅಂದರೆ ಹಿನ್ನೆಲೆಯಲ್ಲಿ ಓಡುತ್ತ ಡೇಟಾಬೇಸನ್ನು ನಡೆಸುವ ಭಾಗವನ್ನು, ತಲುಪಿಯೇ ಇಲ್ಲ. ಪಾಸ್‌ವರ್ಡಿನ ಮಾತು ಇನ್ನೂ ಬಂದೇ ಇಲ್ಲ. ಲಿನಕ್ಸಿನಲ್ಲಿ ಸಂದೇಶದ ಕೊನೆಗೆ ಆವರಣದಲ್ಲಿರುವ ಅಂಕಿ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: 2 ಎಂದರೆ ಸಾಕೆಟ್ ಫೈಲ್ (ಅದೇ ಯಂತ್ರದ ಪ್ರೋಗ್ರಾಮುಗಳು ಸರ್ವರಿನೊಡನೆ ಮಾತಾಡುವ ವಿಶೇಷ ಫೈಲ್) ಆ ಜಾಗದಲ್ಲಿಲ್ಲ, 13 ಎಂದರೆ ಫೈಲ್ ಇದೆ ಆದರೆ ಮುಟ್ಟಲು ನಿಮಗೆ ಅನುಮತಿ ಇಲ್ಲ, 111 ಎಂದರೆ ಆ ಪೋರ್ಟಿನಲ್ಲಿ (ನೆಟ್‌ವರ್ಕ್ ಸಂಪರ್ಕದ ಸಂಖ್ಯೆಯ ಬಾಗಿಲಿನಲ್ಲಿ) ಕೇಳಿಸಿಕೊಳ್ಳುವವರು ಯಾರೂ ಇಲ್ಲ. ವಿಂಡೋಸಿನಲ್ಲಿ ಈ ಕೊನೆಯದೇ 10061 ಆಗಿ ಕಾಣುತ್ತದೆ. ಬಹುತೇಕ ಸಂದರ್ಭಗಳಲ್ಲಿ ಸರ್ವರ್ ಚಾಲೂ ಆಗಿರುವುದಿಲ್ಲ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ಸ್ಟಾರ್ಟ್ ಮಾಡಿ, ಮತ್ತೆ ನಿಂತರೆ ಎರರ್ ಲಾಗಿನ (ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಫೈಲಿನ) ಕೊನೆಯ ಸಾಲುಗಳನ್ನು ಓದಬೇಕು.

ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಮೈಎಸ್‌ಕ್ಯೂಎಲ್ ಕ್ಲೈಂಟ್ ಸಾಕೆಟ್ ಫೈಲಿನ ಮೂಲಕ ಹೋಗುತ್ತದೆ, 127.0.0.1 ಎಂದು ಬರೆದರೆ 3306ನೇ ಪೋರ್ಟಿನ ಮೂಲಕ ಹೋಗುತ್ತದೆ. ಎರಡೂ ಒಂದೇ ಯಂತ್ರವನ್ನು ಸೂಚಿಸಿದರೂ ದಾರಿ ಬೇರೆಯಾದ್ದರಿಂದ, ಒಂದು ಕೆಲಸ ಮಾಡದಿದ್ದಾಗ ಇನ್ನೊಂದನ್ನು ಪ್ರಯತ್ನಿಸುವುದು ಒಳ್ಳೆಯ ಪರೀಕ್ಷೆ.

1045 ಬಂದರೆ ಸಂಗತಿಯೇ ಬೇರೆ. ನೀವು ಸರ್ವರನ್ನು ತಲುಪಿದ್ದೀರಿ, ಅದು ನಿಮ್ಮನ್ನು ಒಪ್ಪಿಲ್ಲ. ಸಂದೇಶದ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ನೋ’ ಎಂದಿದ್ದರೆ ಪ್ರೋಗ್ರಾಂ ಪಾಸ್‌ವರ್ಡನ್ನು ಕಳುಹಿಸಿಯೇ ಇಲ್ಲ, ಬಹುಶಃ ಕಾನ್ಫಿಗ್ ಫೈಲ್ (ಸೆಟ್ಟಿಂಗುಗಳನ್ನು ಬರೆದಿಟ್ಟ ಫೈಲ್) ಓದಿಲ್ಲ. ‘ಯೆಸ್’ ಎಂದಿದ್ದರೆ, ತಲುಪಿದ್ದು ನಿಮ್ಮ ಸರ್ವರನ್ನೇ ಎಂದು ಖಚಿತಪಡಿಸಿಕೊಳ್ಳಿ. ಹಿಂದೊಮ್ಮೆ ಬೇರೆಯಾಗಿ ಮೈಎಸ್‌ಕ್ಯೂಎಲ್ ಹಾಕಿ ಮರೆತು, ಆಮೇಲೆ ಝಾಂಪ್ (ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿದ ಲ್ಯಾಪ್‌ಟಾಪುಗಳಲ್ಲಿ ಎರಡು ಸರ್ವರುಗಳು 3306ಕ್ಕೆ ಪೈಪೋಟಿ ನಡೆಸುತ್ತವೆ; ಮೊದಲು ಎದ್ದದ್ದು ಉತ್ತರಿಸುತ್ತದೆ, ಅದರ ಪಾಸ್‌ವರ್ಡ್ ಬೇರೆ.

ಇವೆಲ್ಲ ಸರಿಯಿದ್ದರೂ ಒಳಗೆ ಬಿಡದಿರುವ ಒಂದು ಪ್ರಸಂಗವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಲೆ ಕೆಡಿಸುವುದು ಇದೇ. ಮೈಎಸ್‌ಕ್ಯೂಎಲ್‌ನಲ್ಲಿ ಬಳಕೆದಾರನೆಂದರೆ ಹೆಸರು ಮಾತ್ರವಲ್ಲ, ಹೆಸರು ಮತ್ತು ಬಂದ ಜಾಗ ಎರಡೂ ಸೇರಿದ ಜೋಡಿ. ವಿದ್ಯಾರ್ಥಿಯೊಬ್ಬರು ‘ಗ್ರಂಥ’ ಎಂಬ ಬಳಕೆದಾರನನ್ನು ಮಾಡಿ, ಎಲ್ಲಿಂದಲಾದರೂ ಬರಲಿ ಎಂದು ಹೋಸ್ಟ್ ಜಾಗದಲ್ಲಿ ‘%’ ಹಾಕಿದ್ದರು. ಅದೇ ಯಂತ್ರದಿಂದ ಪ್ರಯತ್ನಿಸಿದಾಗ 1045. ಬಳಕೆದಾರರ ಪಟ್ಟಿ ತೆಗೆಸಿ ನೋಡಿದರೆ ಅದರಲ್ಲಿ ಹೆಸರಿನ ಅಂಕಣ ಖಾಲಿಯಿದ್ದು ಹೋಸ್ಟ್ ‘ಲೋಕಲ್‌ಹೋಸ್ಟ್’ ಎಂದಿದ್ದ ಇನ್ನೊಂದು ಸಾಲಿತ್ತು. ಇದು ಕೆಲವು ಇನ್‌ಸ್ಟಾಲೇಶನ್‌ಗಳಲ್ಲಿ ತಾನಾಗಿ ಬರುವ ಅನಾಮಧೇಯ ಬಳಕೆದಾರ. ಯಾವ ಹೆಸರಿನವರಿಗೂ ಹೊಂದುತ್ತದೆ. ಸರ್ವರ್ ಪಟ್ಟಿಯನ್ನು ನೋಡುವಾಗ ನಿರ್ದಿಷ್ಟವಾದ ಹೋಸ್ಟ್ ಇರುವ ಸಾಲನ್ನೇ ಮೊದಲು ಪರಿಗಣಿಸುತ್ತದೆಯಾದ್ದರಿಂದ, ‘%’ ಹಾಕಿದ ಗ್ರಂಥನ ಸಾಲಿಗೆ ಸರದಿ ಬರುವ ಮುನ್ನವೇ ಖಾಲಿ ಹೆಸರಿನ ಸಾಲು ಹೊಂದಿಕೊಂಡುಬಿಟ್ಟಿತು. ಆ ಸಾಲಿಗೆ ಪಾಸ್‌ವರ್ಡ್ ಇರಲಿಲ್ಲ, ಇವರು ಪಾಸ್‌ವರ್ಡ್ ಕೊಟ್ಟಿದ್ದರು. ಹಾಗಾಗಿ ಸರಿಯಾದ ಪಾಸ್‌ವರ್ಡೇ ತಪ್ಪಾಯಿತು. ಅನಾಮಧೇಯ ಸಾಲನ್ನು ‘ಡ್ರಾಪ್ ಯೂಸರ್’ ಮಾಡಿದೊಡನೆ ಸಂಪರ್ಕ ಸಿಕ್ಕಿತು. ಒಳಗೆ ಹೋದ ಮೇಲೆ ‘ಸೆಲೆಕ್ಟ್ ಕರೆಂಟ್ ಯೂಸರ್’ ಎಂದು ಕೇಳಿದರೆ ಸರ್ವರ್ ನಿಮ್ಮನ್ನು ಯಾವ ಸಾಲಿಗೆ ಹೊಂದಿಸಿದೆ ಎಂದು ತಿಳಿಯುತ್ತದೆ.

ಉಬುಂಟು ಎಂಬ ಲಿನಕ್ಸ್ ಬಳಸುವವರಿಗೆ ರೂಟ್ ಖಾತೆಯಲ್ಲಿ (ಎಲ್ಲ ಅಧಿಕಾರವಿರುವ ಮುಖ್ಯ ಖಾತೆ) 1698 ಬರುವುದುಂಟು. ಅಲ್ಲಿ ರೂಟ್ ಖಾತೆ ಪಾಸ್‌ವರ್ಡನ್ನು ನೋಡುವುದೇ ಇಲ್ಲ, ಆಪರೇಟಿಂಗ್ ಸಿಸ್ಟಮ್‌ನಲ್ಲಿ ನೀವು ಯಾರೆಂದು ನೋಡುತ್ತದೆ. ಆದ್ದರಿಂದ ‘ಸುಡೋ ಮೈಎಸ್‌ಕ್ಯೂಎಲ್’ ಎಂದು, ಅಂದರೆ ಸಿಸ್ಟಮ್‌ನ ರೂಟ್ ಆಗಿ ಓಡಿಸಿದರೆ, ತೆರೆಯುತ್ತದೆ. ಇದು ದೋಷವಲ್ಲ, ಬದಲಿಸಲೂ ಹೋಗಬೇಡಿ. ನಿಮ್ಮ ಪ್ರೋಗ್ರಾಮಿಗೆಂದೇ ಬೇರೆ ಬಳಕೆದಾರನನ್ನು ಮಾಡಿಕೊಳ್ಳುವುದು ಸರಿಯಾದ ದಾರಿ. 8.0 ಆವೃತ್ತಿಯಿಂದೀಚೆಗೆ ಅನುಮತಿ ಕೊಡುವ ‘ಗ್ರ್ಯಾಂಟ್’ ಆಜ್ಞೆ ಹೊಸ ಬಳಕೆದಾರನನ್ನು ಸೃಷ್ಟಿಸುವುದಿಲ್ಲ. ಮೊದಲು ‘ಕ್ರಿಯೇಟ್ ಯೂಸರ್’, ಆಮೇಲೆ ‘ಗ್ರ್ಯಾಂಟ್’. ಹಳೆಯ ಪುಸ್ತಕದ ಒಂದೇ ಸಾಲಿನ ಆಜ್ಞೆಯನ್ನು ಕೊಟ್ಟರೆ ಅದು ಎರರ್ ಆಗುತ್ತದೆ.

ಒಳಗೆ ಹೋದ ಮೇಲೂ 1044 ಬಂದರೆ ಡೇಟಾಬೇಸಿನ ಮೇಲೆ, 1142 ಬಂದರೆ ಆ ಟೇಬಲ್ಲಿನ ಮೇಲೆ ಅನುಮತಿ ಇಲ್ಲವೆಂದರ್ಥ. ‘ಶೋ ಗ್ರ್ಯಾಂಟ್ಸ್’ ಕೇಳಿ, ಕೊರತೆಯಿರುವುದನ್ನಷ್ಟೇ ಕೊಡಿ. ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು, ಇಷ್ಟು ಒಂದು ಡೇಟಾಬೇಸಿನ ಮೇಲೆ ಕೊಟ್ಟರೆ ಸಾಮಾನ್ಯ ಪ್ರಾಜೆಕ್ಟಿಗೆ ಸಾಕು. ಎಲ್ಲ ಡೇಟಾಬೇಸುಗಳ ಮೇಲೆ ಎಲ್ಲ ಅನುಮತಿಯನ್ನೂ ಕೊಟ್ಟುಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ; ಪ್ರೋಗ್ರಾಮಿನಲ್ಲಿ ಒಂದು ತಪ್ಪು ಸಾಲು ಇದ್ದರೆ ಆಗ ಬಳಕೆದಾರರ ಪಟ್ಟಿಯೂ ಅಳಿಸಿಹೋಗಬಹುದು. ಅನುಮತಿ ಕೊಟ್ಟ ಬಳಿಕ ಪ್ರೋಗ್ರಾಮಿನ ಸಂಪರ್ಕವನ್ನು ಒಮ್ಮೆ ಮುಚ್ಚಿ ತೆರೆಯಿರಿ, ಏಕೆಂದರೆ ಕೆಲವು ಬಗೆಯ ಬದಲಾವಣೆಗಳು ಹೊಸ ಸಂಪರ್ಕಕ್ಕೆ ಮಾತ್ರ ಅನ್ವಯಿಸುತ್ತವೆ.

ಲಿನಕ್ಸಿನಲ್ಲಿ ಫೈಲುಗಳಿಗೆಲ್ಲ 777 (ಎಲ್ಲರೂ ಓದಬಹುದು, ಬರೆಯಬಹುದು, ಓಡಿಸಬಹುದು) ಅನುಮತಿ ಕೊಡುವ ಅಭ್ಯಾಸವೂ ಹೀಗೆಯೇ ಹಾನಿಕರ. ಯಾರು ಬೇಕಾದರೂ ಬರೆಯಬಹುದಾದ ಕಾನ್ಫಿಗ್ ಫೈಲನ್ನು ಮೈಎಸ್‌ಕ್ಯೂಎಲ್ ಎಚ್ಚರಿಕೆಯ ಒಂದು ಸಾಲು ಬರೆದು ಪಕ್ಕಕ್ಕೆ ಸರಿಸುತ್ತದೆ, ಮತ್ತು ಅದರಲ್ಲಿ ನೀವು ಬರೆದ ಪೋರ್ಟ್, ಸಾಕೆಟ್ ಯಾವುದೂ ಜಾರಿಗೆ ಬರುವುದಿಲ್ಲ. 644ಕ್ಕೆ (ಎಲ್ಲರೂ ಓದಬಹುದು, ಬರೆಯುವುದು ಒಡೆಯನಿಗೆ ಮಾತ್ರ) ಇಳಿಸಿ ಸರ್ವರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಅದೇ ಫೈಲನ್ನು ಓದತೊಡಗುತ್ತದೆ.