ಹೀಬ್ರೂ ಅಕ್ಷರ ಕಲಿಕೆ: ಹನ್ನೊಂದು ವಾರ, ಒಂದು ಸಹಿ

ವಾರ 1

ಈ ಹುಚ್ಚು ಹತ್ತಿದ್ದು ಮಂಗಳೂರಿನಿಂದಲೇ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ನಮ್ಮೂರಿನಲ್ಲಿದ್ದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅವನ ಕಾಗದಪತ್ರಗಳು ಸಿಕ್ಕಿದ್ದು ಕೈರೋ ಹತ್ತಿರದ ಫುಸ್ತಾತ್‌ನಲ್ಲಿ, ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಒಂದು ಕೋಣೆಯಲ್ಲಿ. ಅದಕ್ಕೆ ಗೆನಿಜಾ ಅನ್ನುತ್ತಾರೆ. ದೇವರ ಹೆಸರು ಇರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಅಂತ ಅಲ್ಲಿ ತುಂಬಿಡುತ್ತಿದ್ದರು. ಹಳೆ ಪಂಚಾಂಗವನ್ನೂ ಮದುವೆ ಕಾಗದವನ್ನೂ ಎಸೆಯಲು ಮನಸ್ಸು ಬಾರದೆ ಅಟ್ಟಕ್ಕೆ ಹಾಕುವ ನಮ್ಮ ಅಜ್ಜಿಯಂತೆ. ಆದರೆ ಇದು ಸಾವಿರ ವರ್ಷದ ಅಟ್ಟ. ವಿದ್ವಾಂಸ ಸೊಲೊಮನ್ ಶೆಕ್ಟರ್ 1896-97ರಲ್ಲಿ ಅಲ್ಲಿಂದ ಕೇಂಬ್ರಿಜ್‌ಗೆ ಸಾಗಿಸಿದ್ದೇ ಸುಮಾರು 1,93,000 ತುಣುಕು.

ಬೆನ್ ಯಿಜು ಪತ್ರಗಳನ್ನು ಹುಡುಕುತ್ತಾ ಕೂತವನಿಗೆ ಬೇರೊಂದು ಪತ್ರ ಕಣ್ಣಿಗೆ ಬಿತ್ತು. 1169ರದ್ದು. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಬಿಡಿಸಲು ಹಣ ಕೇಳುವ ಪತ್ರ. ಕೆಳಗೆ ಸಹಿ: ಮೋಶೆ ಬೆ-ರಬ್ಬಿ ಮೈಮೋನ್. ಮೈಮೋನನ ಮಗ ಮೋಶೆ, ಅಂದರೆ ಮೈಮೊನಿಡಿಸ್! ತತ್ವಜ್ಞಾನಿ, ವೈದ್ಯ, ಯಹೂದಿ ಧರ್ಮಶಾಸ್ತ್ರದ ದೊಡ್ಡ ಹೆಸರು. ಅಂಥವನು ಚಂದಾ ಎತ್ತುವ ಪತ್ರಕ್ಕೆ ಸಹಿ ಹಾಕಿದ್ದಾನೆ. ಇಂಗ್ಲಿಷ್ ಅನುವಾದ ಇದೆ, ಓದಿಯೂ ಆಯಿತು. ಆದರೂ ಆ ಸಹಿಯನ್ನು ನನ್ನ ಕಣ್ಣಿನಿಂದಲೇ ಓದಬೇಕು ಅನ್ನಿಸಿತು. ಗುರಿ ಅಷ್ಟೇ.

ವಾರ 3

ಅಚ್ಚಿನ ಹೀಬ್ರೂ ಅಕ್ಷರ ಇಪ್ಪತ್ತೆರಡು. ಒಂದು ವಾರದಲ್ಲಿ ಬಂತು. ಬಲದಿಂದ ಎಡಕ್ಕೆ ಓದುವುದೂ ರೂಢಿಯಾಯಿತು. ಇಷ್ಟೇನಾ ಅಂದುಕೊಂಡು ಪತ್ರದ ಸ್ಕ್ಯಾನ್ ತೆರೆದರೆ ಒಂದಕ್ಷರ ತಿಳಿಯಲಿಲ್ಲ. ಕೈಬರಹವೇ ಬೇರೆ. ದಾಲೆತ್ ಮತ್ತು ರೇಶ್ ಅವಳಿ ಮಕ್ಕಳು. ವಾವ್‌ಗೂ ಯೋದ್‌ಗೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಸ್ವರಚಿಹ್ನೆ ಇಲ್ಲವೇ ಇಲ್ಲ. ತಾಳೆಗರಿ ಓದುವ ಗೆಳೆಯನೊಬ್ಬನಿಗೆ ಹೇಳಿದೆ. ಅವನು ನಕ್ಕ. 'ನಮ್ಮ ಹಳೆ ಗರಿಯಲ್ಲಿ ಪ ಯಾವುದು, ವ ಯಾವುದು ಅಂತ ನಾನು ಇನ್ನೂ ಜಗಳ ಆಡ್ತಾ ಇದ್ದೇನೆ, ಸುಮ್ನೆ ಮುಂದುವರಿಸು' ಅಂದ.

ಇನ್ನೊಂದು ಏಟು: ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಈಜಿಪ್ಟಿನ ಯಹೂದಿಗಳು ಮನೆಯಲ್ಲಿ ಆಡುತ್ತಿದ್ದದ್ದು ಅರಬ್ಬಿ, ಬರೆಯುತ್ತಿದ್ದದ್ದು ಹೀಬ್ರೂ ಅಕ್ಷರದಲ್ಲಿ. ಇದನ್ನು ಯಾರಿಗಾದರೂ ವಿವರಿಸಬೇಕೆಂದರೆ ಕಷ್ಟ ಅಂತೆ. ನಮ್ಮೂರವರಿಗೆ ಏನು ಕಷ್ಟ? ಕೊಂಕಣಿಯನ್ನೂ ತುಳುವನ್ನೂ ಬ್ಯಾರಿಯನ್ನೂ ಕನ್ನಡ ಲಿಪಿಯಲ್ಲಿ ಬರೆದೇ ಬೆಳೆದವರು ನಾವು.

ವಾರ 5

ಎರಡು ವಾರ ದಂಡವಾಯಿತು. ಸಾಲುಸಾಲಿಗೂ ಒಂದು ವಿಚಿತ್ರ ಆಕಾರ ಬರುತ್ತಿತ್ತು. ಒಂದು ಕೊಕ್ಕೆ, ಅದರ ಮೇಲೆ ಕತ್ತು ಎತ್ತಿದ ಗೆರೆ. ಇದು ಲಾಮೆದ್ ಅಂತ ನಾನೇ ತೀರ್ಮಾನ ಮಾಡಿ, ಪಟ್ಟಿ ಹಾಕಿ, ನೋಟ್‌ಬುಕ್‌ನಲ್ಲಿ ಮೂರು ಪುಟ ತುಂಬಿಸಿದ್ದೆ. ಯಾವ ಪದವೂ ನಿಘಂಟಿನಲ್ಲಿ ಸಿಗಲಿಲ್ಲ. ಕೊನೆಗೆ ಗೊತ್ತಾಯಿತು, ಅದು ಒಂದಕ್ಷರ ಅಲ್ಲ, ಎರಡು. ಆಲೆಫ್ ಮತ್ತು ಲಾಮೆದ್ ಒಂದರ ಮೈಗೆ ಒಂದು ಅಂಟಿಕೊಂಡಿವೆ. ಅರಬ್ಬಿಯಲ್ಲಿ ಪದಪದಕ್ಕೂ 'ಅಲ್' ಬರುತ್ತದಲ್ವಾ, ಬರೆಯುವವರು ಬೇಸತ್ತು ಎರಡನ್ನೂ ಕೂಡಿಸಿಬಿಟ್ಟಿದ್ದಾರೆ. ನಮ್ಮ ಒತ್ತಕ್ಷರದ ಬುದ್ಧಿಯೇ. ಮೂರು ಪುಟಕ್ಕೂ ಅಡ್ಡಗೆರೆ ಎಳೆದೆ. ಆ ರಾತ್ರಿ ಊಟ ಸೇರಲಿಲ್ಲ.

ಇದಾದ ಮೇಲೆ ಚುಕ್ಕೆಗಳ ಕಥೆ. ಅರಬ್ಬಿಯ ಎಲ್ಲ ಧ್ವನಿಗೂ ಹೀಬ್ರೂನಲ್ಲಿ ಅಕ್ಷರ ಸಾಲದು. ಅದಕ್ಕೆ ಕೆಲವು ಅಕ್ಷರದ ಮೇಲೆ ಚುಕ್ಕೆ ಇಡುತ್ತಾರೆ. ಕನ್ನಡದಲ್ಲಿ ಫ ಕೆಳಗೆ ಎರಡು ಚುಕ್ಕೆ ಇಟ್ಟು ಇಂಗ್ಲಿಷ್ 'ಎಫ್' ತೋರಿಸುತ್ತೇವಲ್ಲ, ಹಾಗೆ. ಬರೆಯುವವನಿಗೆ ಅವಸರ ಇದ್ದರೆ ಚುಕ್ಕೆ ಮಾಯ. ಅದೂ ಹಾಗೆಯೇ.

ವಾರ 7

ಅಕ್ಷರ ಬಿಟ್ಟು ಈ ವಾರ ಹಿನ್ನೆಲೆ ಓದಿದೆ.

1168ರ ನವೆಂಬರ್‌ನಲ್ಲಿ ಜೆರುಸಲೇಮಿನ ಕ್ರುಸೇಡರ್ (ಕ್ರೈಸ್ತ ಧರ್ಮಯುದ್ಧದವರ) ರಾಜ ಅಮಾಲ್ರಿಕ್ ಈಜಿಪ್ಟಿನ ಬಿಲ್ಬೈಸ್ ಪಟ್ಟಣವನ್ನು ಹಿಡಿದ. ಕೊಲೆ ನಡೆಯಿತು. ಉಳಿದವರನ್ನು ಸೆರೆ ಒಯ್ದರು. ಅವರಲ್ಲಿ ಯಹೂದಿಗಳೂ ಇದ್ದರು. ಅಮಾಲ್ರಿಕ್ ಮುಂದೆ ಬರುತ್ತಾನೆಂದು ಈಜಿಪ್ಟಿನ ವಜೀರ ಶಾವರ್ ಅದೇ ತಿಂಗಳು ಫುಸ್ತಾತ್‌ಗೆ ಬೆಂಕಿ ಇಡಿಸಿದ. 54 ದಿನ ಉರಿಯಿತು ಅಂತ ಆಮೇಲಿನ ಇತಿಹಾಸಕಾರರು ಬರೆದರು. ಊರಿನ ಎಷ್ಟು ಭಾಗ ನಿಜಕ್ಕೂ ಸುಟ್ಟಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಇರಲಿ. ನನಗೆ ನಾಟಿದ್ದು ಬೇರೆ. ಹಣ ಕೇಳಿ ಪತ್ರ ಹೊರಟದ್ದು ಅದೇ ಫುಸ್ತಾತ್‌ನಿಂದ, ವರ್ಷ ತುಂಬುವ ಮೊದಲೇ. ತಮ್ಮ ಊರೇ ಹೊಗೆ ಹಿಡಿದಿರುವಾಗ ಇನ್ನೊಂದೂರಿನವರಿಗಾಗಿ ಕೈ ಚಾಚುತ್ತಿದ್ದಾರೆ.

ಮೈಮೊನಿಡಿಸ್‌ಗೆ ಆಗ ಮೂವತ್ತರ ಆಚೀಚೆ. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, ಮೊರೊಕ್ಕೊ ಸುತ್ತಿ, ಈಜಿಪ್ಟಿಗೆ ಬಂದು ಕೆಲವೇ ವರ್ಷ. ಹೊಸಬ.

ಲೆಕ್ಕ ಹಾಕಿದೆ. ಆ ಕಾಲದಲ್ಲಿ ಒಬ್ಬ ಸೆರೆಯಾಳಿಗೆ ರೂಢಿಯ ಬಿಡುಗಡೆ ಹಣ 33⅓ ದೀನಾರ್. ಮೂವರಿಗೆ ನೂರು. ಸಾಧಾರಣ ಸಂಸಾರ ತಿಂಗಳಿಗೆ ಎರಡು ದೀನಾರ್‌ನಲ್ಲಿ ನಡೆಯುತ್ತಿತ್ತು. ಒಬ್ಬನನ್ನು ಬಿಡಿಸಲು ಒಂದು ಸಂಸಾರದ ಒಂದೂಕಾಲು ವರ್ಷಕ್ಕಿಂತ ಜಾಸ್ತಿ ಖರ್ಚು! ದೀನಾರ್ ಅಂದರೆ ಸುಮಾರು ನಾಲ್ಕೂಕಾಲು ಗ್ರಾಂ ಚಿನ್ನ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ತಲೆಗೆ ಸುಮಾರು ಹದಿನೇಳೂವರೆ ಪವನ್ (ಎಂಟು ಗ್ರಾಂಗೆ ಒಂದು ಪವನ್). ಅಮ್ಮನಿಗೆ ಹೇಳಿದೆ. 'ಅಷ್ಟರಲ್ಲಿ ಒಂದು ಮದುವೆ ಆಗ್ತದೆ' ಅಂದಳು.

ಪತ್ರದ ಧಾಟಿಯೂ ಹಾಗೇ, ಲೆಕ್ಕದ ಧಾಟಿ. ನ್ಯಾಯಾಧೀಶರು, ಹಿರಿಯರು, ಪಂಡಿತರು ಎಲ್ಲರೂ ಹಗಲೂ ರಾತ್ರಿ ತಿರುಗಿದ್ದೇವೆ, ಸಿನಗಾಗ್‌ನಲ್ಲಿ, ಪೇಟೆಯಲ್ಲಿ, ಮನೆ ಬಾಗಿಲಲ್ಲಿ ಜನರನ್ನು ಒತ್ತಾಯಿಸಿದ್ದೇವೆ, ನಮ್ಮ ಕೈಲಾದದ್ದು ಕೊಟ್ಟ ಮೇಲೆ ನಿಮ್ಮನ್ನು ಕೇಳುತ್ತಿದ್ದೇವೆ, ನೀವೂ ಹಾಗೆ ಮಾಡಿ. ಸಾರಾಂಶ ಇಷ್ಟೇ. ಕಣ್ಣೀರು ಕಮ್ಮಿ, ಕೆಲಸ ಜಾಸ್ತಿ. ಗಣೇಶೋತ್ಸವದ ರಸೀದಿ ಪುಸ್ತಕ ಹಿಡಿದು ಓಣಿ ಓಣಿ ಅಲೆದವರಿಗೆ ಈ ದನಿಯ ಪರಿಚಯ ಇದೆ.

ವಾರ 8

ಹತ್ತು ವರ್ಷ ಕಳೆದ ಮೇಲೆ ಇದೇ ಮನುಷ್ಯ 'ಮಿಶ್ನೆ ತೋರಾ' ಎಂಬ ದೊಡ್ಡ ಧರ್ಮಶಾಸ್ತ್ರ ಗ್ರಂಥ ಮುಗಿಸಿದ. ಅದರಲ್ಲಿ ಬಡವರಿಗೆ ಕೊಡುವ ದಾನದ ಭಾಗವಿದೆ. ದಾನದ ಎಂಟು ಮೆಟ್ಟಿಲು ಇರುವುದು ಅಲ್ಲಿಯೇ, ಎಲ್ಲರೂ ಹೇಳುವುದು ಅದನ್ನೇ. ನಾನು ಅದಕ್ಕಿಂತ ಎರಡು ಅಧ್ಯಾಯ ಹಿಂದೆ ನಿಂತುಬಿಟ್ಟೆ. ಸೆರೆಯಾಳನ್ನು ಬಿಡಿಸುವುದು ಬಡವರಿಗೆ ಅನ್ನ, ಬಟ್ಟೆ ಕೊಡುವುದಕ್ಕಿಂತ ಮೊದಲು ಎನ್ನುತ್ತಾನೆ. ಕಾರಣ, ಸೆರೆಯಾಳು ಹಸಿದವನೂ ಹೌದು, ಬಾಯಾರಿದವನೂ ಹೌದು, ಬೆತ್ತಲೆಯವನೂ ಹೌದು, ಮೇಲೆ ಜೀವಭಯ ಬೇರೆ. ಸಿನಗಾಗ್ ಕಟ್ಟಲು ಕೂಡಿಸಿದ ಹಣವನ್ನೂ ಇದಕ್ಕೆ ಬಳಸಬಹುದು. ಕಲ್ಲು ತಂದು, ತೊಲೆ ಕೆತ್ತಿ ಇಟ್ಟಿದ್ದರೂ ಎಲ್ಲವನ್ನೂ ಮಾರಬೇಕು, ಆದರೆ ಸೆರೆಯಾಳಿಗಾಗಿ ಮಾತ್ರ. ಕಟ್ಟಿ ಮುಗಿಸಿದ್ದರೆ ಮಾರುವ ಹಾಗಿಲ್ಲ, ಜನರಿಂದ ಎತ್ತಬೇಕು.

ಇನ್ನೊಂದು ನಿಯಮ ಕಠೋರ. ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು. ಕೊಟ್ಟರೆ ಹಿಡಿಯುವವರಿಗೆ ಅದೇ ಕಸುಬಾಗುತ್ತದೆ. ಇದನ್ನೆಲ್ಲ ಹಳೆಯ ಶಾಸ್ತ್ರಗಳೇ ಹೇಳಿದ್ದವು, ಅವನು ಜೋಡಿಸಿದ್ದು. ಆದರೂ ಬಾಗಿಲು ಬಾಗಿಲು ತಿರುಗಿದವನ ಕೈಯಲ್ಲಿ ಬಂದಾಗ ತೂಕ ಬೇರೆ ಅನ್ನಿಸುತ್ತದೆ ನನಗೆ.

ವಾರ 9

ಏನೂ ಮಾಡಲಿಲ್ಲ. ಕಣ್ಣು ನೋವು, ಆಫೀಸು ಕೆಲಸ. ಸೆಲ್ಯೂಸಿಡ್ ಎಂಬ ಹಳೆಯ ಗ್ರೀಕ್ ರಾಜವಂಶದ ವರ್ಷದ ಲೆಕ್ಕ ಮಾತ್ರ ಕಲಿತೆ. ಗೆನಿಜಾ ಪತ್ರಗಳಲ್ಲಿ ಹೆಚ್ಚಾಗಿ ಆ ಎಣಿಕೆಯೇ. 1480 ಎಂದಿದ್ದರೆ 1168ರ ಶರತ್ಕಾಲದಿಂದ ಮುಂದಿನ ಶರತ್ಕಾಲದವರೆಗೆ. ಶಾಸನದ ಶಕವರ್ಷಕ್ಕೆ 78 ಕೂಡಿಸಿ ಅಭ್ಯಾಸ, ಇಲ್ಲಿ 312 ಕಳೆಯಬೇಕು.

ವಾರ 11

ಸಿಕ್ಕಿತು!

ಇಂಥ ಪತ್ರಗಳನ್ನು ಹೆಚ್ಚಾಗಿ ಲಿಪಿಕಾರ ಅಚ್ಚುಕಟ್ಟಾಗಿ ಬರೆಯುತ್ತಿದ್ದ, ಸಹಿ ಹಾಕುವವರು ಕೊನೆಗೆ ಹಾಕುತ್ತಿದ್ದರು. ಹಾಗಾಗಿ ಸಹಿಗೆಂದು ಮೈಮೊನಿಡಿಸ್‌ನದೇ ಕೈಬರಹದ ಕರಡುಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡಿದ್ದೆ. ಮಿಶ್ನೆ ತೋರಾದ ಕರಡು ಹಾಳೆಗಳೂ ಗೆನಿಜಾದಲ್ಲಿ ಸಿಕ್ಕಿವೆ. ಗೀಚಿ, ಹೊಡೆದು, ಮತ್ತೆ ಬರೆದ ಹಾಳೆಗಳು. ಅವಸರದ ಕೈ, ವಾಲಿದ ಸ್ಪೇನ್ ಶೈಲಿ. ಡಾಕ್ಟರ್ ಚೀಟಿ ನೆನಪಾಗದೆ ಇರದು, ಡಾಕ್ಟರೇ ತಾನೆ.

ಮೆಮ್, ಶಿನ್, ಹೇ. ಮೋಶೆ. ಆಮೇಲೆ ತಂದೆಯ ಹೆಸರು: ಮೆಮ್, ಯೋದ್, ಮೆಮ್, ವಾವ್, ಕೊನೆಯ ನೂನ್. ಪದದ ಕೊನೆಯಲ್ಲಿ ನೂನ್ ಸಾಲಿನಿಂದ ಕೆಳಗೆ ಇಳಿಯುತ್ತದೆ, ಬಾವಿಗೆ ಬಿಟ್ಟ ಹಗ್ಗದಂತೆ. ಅದನ್ನು ಹಿಡಿದೇ ಹಿಂದಕ್ಕೆ ಓದಿದೆ. ಅದರ ನಂತರ ತೀರಿಹೋದ ತಂದೆಗೆ ಹೇಳುವ ಗೌರವದ ಮಾತಿನ ಮೊದಲಕ್ಷರಗಳು. ರಾತ್ರಿ ಒಂದು ಗಂಟೆಗೆ ಒಬ್ಬನೇ ಕೂತು 'ಮೋಶೆ ಬೆ-ರಬ್ಬಿ ಮೈಮೋನ್' ಅಂತ ಜೋರಾಗಿ ಓದಿದೆ. ಒಳಗಿನಿಂದ ಮನೆಯವರು 'ಯಾರ ಫೋನು?' ಅಂತ ಕೇಳಿದರು.

ಮುಂದೆ ಅವನ ತಮ್ಮ ದಾವೀದನ ಪತ್ರ. ಕೆಂಪು ಸಮುದ್ರದ ಐದಾಬ್ ಬಂದರಿನಿಂದ ಅಣ್ಣನಿಗೆ ಬರೆದದ್ದು, ಅದೂ ಗೆನಿಜಾದಲ್ಲಿ ಉಳಿದಿದೆ. ಅಲ್ಲಿಂದ ಹಡಗು ಹತ್ತಿ ಭಾರತದ ಕಡೆ ಹೊರಟವನು ನಮ್ಮ ಈ ಸಮುದ್ರದಲ್ಲೇ ಮುಳುಗಿಹೋದ. ಪತ್ರದ ಸ್ಕ್ಯಾನ್ ಇಳಿಸಿಕೊಂಡಿದ್ದೇನೆ. ಮೊದಲ ಸಾಲಿನಲ್ಲಿ ಮೂರು ಆಲೆಫ್-ಲಾಮೆದ್ ಗುರುತಿಸಿದೆ, ಪೆನ್ಸಿಲ್‌ನಲ್ಲಿ.